ಸ್ವೆಟರ್ ತೊಟ್ಟ ಭರಣಿ

ಎಪ್ಪತ್ತೆಂಟರ ಡಿಸೆಂಬರಿನಲ್ಲಿ ಡೊಂಬಿವಲಿಗೆ ಹೆಸರಿಗೊಂದಿಷ್ಟು ಚಳಿ ಬಿದ್ದಿತ್ತು. ಆ ಚಳಿಯಲ್ಲೇ ಹರಿಣಾಕ್ಷಿಯ ಹೊಟ್ಟೆಯೊಳಗೆ ಕಿಚ್ಚು ಹತ್ತಿಕೊಂಡಿತು. ಚಾಳಿನ ಗೋಡೆ ಎಂದರೆ ಗೋಡೆಯೇ? ಪಕ್ಕದ ಖೋಲಿಯಲ್ಲಿ ಸೌಟು ಇಟ್ಟರೆ ಇಲ್ಲಿ ಕೇಳುತ್ತದೆ. ಅಂಥದ್ದರಲ್ಲಿ, ಒಂಟಿ ಎಂದು ಎಲ್ಲರೂ ನಂಬಿದ್ದ ಬಾಗಲಕೋಟೆಯ ಅಮೃತಪ್ಪ ಅಲ್ಲಿ ಯಾರನ್ನೋ ಮುದ್ದಿಸುತ್ತಿದ್ದ.

“ಯಾಕ, ಇವತ್ತ ಮಾತ ಆಡವಲ್ಲಿ? ಥಂಡಿ ಆತೇನು? ತಡಿ, ಸ್ವೆಟರ್ ಸರಿ ಮಾಡ್ತೀನಿ.”

ಹರಿಣಾಕ್ಷಿಯ ಕೈಯಲ್ಲಿದ್ದ ಹಿಟ್ಟಿನ ಪಾತ್ರೆ ಅಲ್ಲೇ ನಿಂತಿತು. ಆ ಸ್ವೆಟರನ್ನು ಹೆಣೆದವಳೇ ಅವಳು. ‘ಉಣ್ಣೆ ಉಳಿದಿತ್ತು’ ಎಂದು ಸುಳ್ಳು ಹೇಳಿ ಅವನಿಗೆ ಕೊಟ್ಟಿದ್ದಳು. ದಿನಾ ಬೆಳಿಗ್ಗೆ ಕೆಲಸಕ್ಕೆಂದು ಠಾಣೆಯ ಲೋಕಲ್ ರೈಲು ಹಿಡಿಯುವಾಗ ಅವನು ಲೇಡೀಸ್ ಡಬ್ಬದ ಎದುರು ನಿಂತಿರುತ್ತಿದ್ದ. ಅವಳು ಒಳಗೆ ಸೇರಿದ್ದು ಕಂಡ ಮೇಲಷ್ಟೇ ಓಡಿಹೋಗಿ ತನ್ನ ಡಬ್ಬಕ್ಕೆ ಜೋತು ಬೀಳುತ್ತಿದ್ದ. ಅಷ್ಟಕ್ಕೇ ಮನಸ್ಸು ಕೊಟ್ಟು ಕೂತಿದ್ದಳು ಪುಣ್ಯಾತ್ಗಿತ್ತಿ. ಈಗ ನೋಡಿದರೆ ಅವಳ ಸ್ವೆಟರು ಇನ್ಯಾವಳದೋ ಮೈಮೇಲೆ.

ಮೂಲೆ ಹಿಡಿದು ಅಳುವ ಪೈಕಿ ಅಲ್ಲ ಅವಳು. ಸೆರಗು ಸಿಕ್ಕಿಸಿಕೊಂಡು ಹೋಗಿ ಬಾಗಿಲು ತಟ್ಟಿದಳು.

ಬಾಗಿಲು ತೆರೆದವನು ತುಟಿಯ ಮೇಲೆ ಬೆರಳಿಟ್ಟ. “ಸಣ್ಣಗ ಮಾತಾಡ್ರಿ. ಈಗ ಉಸಿರಾಡಾಕ ಹತ್ತೇತಿ.”

ಮೂಲೆಯಲ್ಲಿ ಒಂದು ದೊಡ್ಡ ಭರಣಿ. ಮೈಗೆ ಅವಳ ನೀಲಿ ಸ್ವೆಟರು, ತಲೆಗೆ ಮಂಕಿ ಕ್ಯಾಪು. ಹೊಟ್ಟೆಯ ಮೇಲೆ ‘ಲಿಂಬಿ ಉಪ್ಪಿನಕಾಯಿ’ ಎಂಬ ಚೀಟಿ, ಪೊಲೀಸರ ಕಣ್ಣಿಗೆಂದು ಅಂಟಿಸಿದ್ದು. ಒಳಗಿದ್ದದ್ದು ಕಪ್ಪು ದ್ರಾಕ್ಷಿ, ಸಕ್ಕರೆ, ಈಸ್ಟ್. ಅಮೃತಪ್ಪ ಮನೆಯಲ್ಲೇ ವೈನ್ ಮಾಡುತ್ತಿದ್ದ.

“ಕಿವಿ ಇಟ್ಟ ಕೇಳ್ರಿ ಬೇಕಾದ್ರ.”

ಕಿವಿ ಇಟ್ಟಳು. ಒಳಗೆ ಗುಳುಗುಳು ಎನ್ನುತ್ತಿತ್ತು. ತಲೆಯೆತ್ತಿದರೆ ಅವನು ಭರಣಿಯನ್ನು ಬಿಟ್ಟು ಅವಳ ಮುಖ ನೋಡುತ್ತಿದ್ದ. ಸಿಕ್ಕಿಬಿದ್ದದ್ದೇ, ಸರಿಯಾಗಿಯೇ ಇದ್ದ ಮಂಕಿ ಕ್ಯಾಪನ್ನು ಮತ್ತೆ ಸರಿಮಾಡತೊಡಗಿದ.

“ನಿಮಗೆ ಮದುವೆಯಾಗಿದೆ ಅಂತ ಗ್ರಹಿಸಿದ್ದೆ,” ಎಂದಳು.

“ಯಾರ ಜೋಡಿ?”

“ಈ ಭರಣಿಯೊಟ್ಟಿಗೆ. ನಾನು ಸ್ವೆಟರ್ ಕೊಟ್ಟದ್ದು ಇದಕ್ಕಾ?”

“ಮನ್ಯಾಗ ಎಲ್ಲಾದಕ್ಕಿಂತ ಬೆಚ್ಚಗಿದ್ದದ್ದು ಅದೊಂದ ರೀ. ತೊಟ್ಕೊಂಡ್ರ ಸವೀತೈತಿ ಅಂತ ನಾ ತೊಟ್ಟಿಲ್ಲ.”

ಸಿಟ್ಟು ಬರಬೇಕಾದಲ್ಲಿ ಅವಳಿಗೆ ನಗು ಬಂತು.

ಈ ವೈನ್ ಮಾಡುವವರ ಹುಚ್ಚು ಎಂಥದ್ದೆಂದು ಆಮೇಲೆ ಕಂಡಳು. ಭಾನುವಾರ ಬಂತೆಂದರೆ ಗೆಳೆಯ ಸೈದಪ್ಪ ಠಾಕುರ್ಲಿಯಿಂದ ತನ್ನ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ, ಕೂಸಿನಂತೆ ಎತ್ತಿಕೊಂಡು ಬರುತ್ತಿದ್ದ. ಚಮಚದಲ್ಲಿ ನಾಲಿಗೆಗೆ ಬಿಟ್ಟುಕೊಂಡು ಇಬ್ಬರೂ ಕಣ್ಣು ಮುಚ್ಚುವರು. “ಇದರಾಗ ಮಳಿ ವಾಸನಿ ಐತಿ,” ಎನ್ನುವನು ಸೈದಪ್ಪ. “ಮಳಿ ಅಲ್ಲಪಾ, ನೀ ಸೋಸೋ ಅರಬಿ ತೊಳದಿಲ್ಲ,” ಎನ್ನುವನು ಅಮೃತಪ್ಪ. ಆಮೇಲೆ ಭಿವಂಡಿಯ ಯಾವ ಲೂಮಿನ ಬಟ್ಟೆ ಸೋಸಲು ಒಳ್ಳೆಯದು ಎಂದು ಮಧ್ಯಾಹ್ನವಿಡೀ ಜಗಳ. ಕುಡಿಯುವುದೊಂದನ್ನು ಬಿಟ್ಟು ಬೇರೆಲ್ಲ ಮಾಡುತ್ತಿದ್ದರು.

ಇದನ್ನು ಅವಳ ಅಪ್ಪ ಗುರುವಪ್ಪನವರಿಗೆ ಹೇಳುವಂತಿರಲಿಲ್ಲ. ಹಗಲೆಲ್ಲ ಸ್ಟೇಷನ್ ಬಳಿಯ ಹೋಟೆಲಿನ ಗಲ್ಲಾದಲ್ಲಿ ಕೂರುವ ಅವರಿಗೆ ಊರಿನ ನೆನಪೆಂದರೆ ಕಳ್ಳು ಕುಡಿದು ಕುಡಿದು ಸತ್ತ ಅಣ್ಣ. ಅವರ ಮನೆಮಾತಾದ ತುಳುವಿನಲ್ಲಿ ಕಳ್ಳಿಗೆ ‘ಕಲಿ’ ಎನ್ನುತ್ತಾರೆ. ಅವರ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಈಗ ಕಲ್ಯಾಣದ ಕ್ಯಾಂಟೀನಿನವರ ಸಂಬಂಧ ಬಂದಿತ್ತು, ಭಾನುವಾರ ಹುಡುಗನ ಕಡೆಯವರು ಹೆಣ್ಣು ನೋಡಲು ಬರುವವರಿದ್ದರು.

“ಅದಕ್ಕೆ ಮೊದಲು ಬಂದು ಅಪ್ಪನೊಟ್ಟಿಗೆ ಮಾತಾಡಿ,” ಎಂದಳು ಹರಿಣಾಕ್ಷಿ ಅಮೃತಪ್ಪನಿಗೆ. “ಭರಣಿಯ ಸುದ್ದಿ ಎತ್ತಬೇಡಿ. ಒಂದೆರಡು ಮಾತು ತುಳು ಹೇಳಿ, ಅಪ್ಪ ಕರಗ್ತಾರೆ.” ‘ಎಂಕ್ ನೀರ್ ಬೋಡು’ ಎಂದರೆ ನನಗೆ ನೀರು ಬೇಕು ಎಂದು ಅವಳೇ ಹೇಳಿಕೊಟ್ಟಳು.

ಶನಿವಾರ ಸಂಜೆ ಅಮೃತಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದು ಕೂತ. ಕಂಪನಿ, ಪಗಾರ, ಊರು, ಮನೆತನ ಎಲ್ಲ ಆಯಿತು. ಗುರುವಪ್ಪನವರ ಮುಖ ಸಡಿಲವಾದದ್ದು ಕಂಡು ಅವನಿಗೆ ಧೈರ್ಯ ಬಂತು. ನನಗೆ ತುಳು ಕಲಿಯಬೇಕಾಗಿದೆ ಎಂಬುದನ್ನು ತುಳುವಿನಲ್ಲೇ ಹೇಳಲು ಹೋಗಿ, ನೀರು ಇದ್ದ ಜಾಗದಲ್ಲಿ ಕನ್ನಡದ ‘ಕಲಿ’ಯನ್ನು ತಂದಿಟ್ಟ.

“ಎಂಕ್ ಕಲಿ ಬೋಡು,” ಎಂದ, ಎದೆಯುಬ್ಬಿಸಿ.

ಒಳಗೆ ಹರಿಣಾಕ್ಷಿಯ ಕೈಯಿಂದ ಸೌಟು ಜಾರಿತು. ಹೆಣ್ಣು ಕೇಳಲು ಬಂದವನು ಕಳ್ಳು ಕೇಳುತ್ತಿದ್ದ.

ಗುರುವಪ್ಪ ಎದ್ದು ನಿಂತರು. ಅವಳು ಓಡಿ ಬಂದಳು. “ಅಪ್ಪ, ಅವರಿಗೆ ತುಳು ಕಲಿಯಬೇಕಂತೆ. ಅದು ಕನ್ನಡದ ಕಲಿ.”

ಗುರುವಪ್ಪ ಮಗಳನ್ನು ನೋಡಿದರು, ಅವನನ್ನು ನೋಡಿದರು, ಕೂತರು. ಮೀಸೆಯಡಿಯಲ್ಲಿ ಇನ್ನೇನು ನಗು ಮೂಡಬೇಕು, ಪಕ್ಕದ ಖೋಲಿಯಲ್ಲಿ ಢಮ್ ಎಂದಿತು. ಈ ಮನೆಯವರೆಗೆ ವಾಸನೆ ಬರದಿರಲೆಂದು ಅಮೃತಪ್ಪ ಅಂದು ಭರಣಿಯ ಬಾಯನ್ನು ಬಿಗಿದು ಕಟ್ಟಿ ಬಂದಿದ್ದ.

“ಎಂತ ಅದು?”

ಅಪ್ಪನ ಬೆನ್ನ ಹಿಂದಿನಿಂದ ಹರಿಣಾಕ್ಷಿ ತುಟಿಯಾಡಿಸಿದಳು: ಉಪ್ಪಿನಕಾಯಿ, ಉಪ್ಪಿನಕಾಯಿ. ಅಮೃತಪ್ಪ ಅವಳನ್ನು ನೋಡಿ ತಲೆ ತಗ್ಗಿಸಿದ.

“ಅದು ನಿಮ್ಮ ಕಲೀನ ರೀ. ದ್ರಾಕ್ಷೀದು.”

ಅಲ್ಲಿ ಹೋಗಿ ನೋಡಿದರೆ ಒಳಗಿನ ಗಾಳಿಯ ಒತ್ತಡಕ್ಕೆ ಭರಣಿಯ ಕಟ್ಟು ಹಾರಿ ಗೋಡೆಯೆಲ್ಲ ನೇರಳೆ. ಮಂಕಿ ಕ್ಯಾಪು ಫ್ಯಾನಿನ ರೆಕ್ಕೆಗೆ ಸಿಕ್ಕಿ ತೂಗುತ್ತಿತ್ತು.

“ದಿನಕ್ಕೆ ಎಷ್ಟು ಕುಡಿತೀರಿ?” ಗುರುವಪ್ಪನವರ ದನಿ ತಣ್ಣಗಿತ್ತು.

“ಚಮಚಾದಾಗ ರುಚಿ ನೋಡ್ತೀನ್ರಿ. ಮಾಡೂದರಾಗಿನ ಖುಷಿ ಕುಡಿಯೂದರಾಗ ಇಲ್ಲ.”

“ಬಿಡಿ ಅಂತ ಹೇಳಿದ್ರೆ?”

ಅಮೃತಪ್ಪ ಭರಣಿಯನ್ನು ನೋಡುತ್ತ ನಿಂತ. ಹರಿಣಾಕ್ಷಿಗೆ ಆ ಭರಣಿಯ ಮೇಲೆ ಮೊದಲ ದಿನದ ಹೊಟ್ಟೆಕಿಚ್ಚೇ ಮರಳಿ ಬಂತು.

“ಬಿಡ್ತೀನ್ರಿ,” ಎಂದ. “ಆದ್ರ ನೆನಪಾಗತೈತಿ. ಆಗಂಗಿಲ್ಲ ಅಂದ್ರ ಸುಳ್ಳ ಹೇಳಿದಂಗ.”

“ನಮ್ಮ ಅಣ್ಣ ದಿನಾ ಬಿಟ್ಟೆ ಬಿಟ್ಟೆ ಅಂತಿದ್ದ,” ಎಂದರು ಗುರುವಪ್ಪ. “ನೆನಪಾಗ್ತದೆ ಅಂತ ಒಂದು ದಿನವೂ ಹೇಳಲಿಲ್ಲ. ಹೇಳಿದ್ದರೆ ಹತ್ತಿರ ಕೂತಿರ್ತಿದ್ದೆ.” ಕಣ್ಣು ಒರೆಸಿಕೊಳ್ಳಲೂ ಇಲ್ಲ, ಅಡಗಿಸಲೂ ಇಲ್ಲ. “ಕಲ್ಯಾಣದವರಿಗೆ ಬರುವುದು ಬೇಡ ಅಂತ ಹೇಳಿ ಕಳಿಸ್ತೇನೆ. ಭರಣಿ ಒಂದೇ ಇರಲಿ, ನನಗೆ ಕಾಣುವ ಹಾಗೆ ಇರಲಿ. ಈಗ ಗೋಡೆ ಒರೆಸಿ.” ಬಾಗಿಲು ತೆರೆದಿಟ್ಟೇ ಹೋದರು.

ಹರಿಣಾಕ್ಷಿ ಭರಣಿಯ ಮೈಯಿಂದ ಸ್ವೆಟರು ಬಿಚ್ಚಿ ಕೊಟ್ಟಳು. ನೀಲಿಯ ಮೇಲೆಲ್ಲ ನೇರಳೆ ಕಲೆ. ಒದ್ದೆಯಿದ್ದರೂ ಅವನು ಅದನ್ನು ತೊಟ್ಟುಕೊಂಡ.

“ತಪ್ಪ ಮಾತ ಆಡಿದೆ,” ಎಂದ ಗೋಡೆ ಒರೆಸುತ್ತ. “ಸರಿ ಮಾತ ಹೇಳಿಕೊಡ್ರಿ. ನಾ ಏನ ಕೇಳಾಕ ಬಂದಿದ್ದೆ, ಅದನ್ನ ತುಳುದಾಗ ಹೆಂಗ ಹೇಳೂದು?”

“ಎಂಕ್ ಈ ಬೋಡು.”

“ಈ... ಯಾವುದು? ಈ ಭರಣಿ?”

ಅವಳು ಬಟ್ಟೆ ಹಿಂಡುತ್ತ, ತಲೆಯೆತ್ತದೆ ಹೇಳಿದಳು. “ತುಳುವಿನಲ್ಲಿ ‘ಈ’ ಅಂದ್ರೆ ‘ನೀನು’.”

ಅವನ ಕೈ ಗೋಡೆಯ ಮೇಲೇ ನಿಂತಿತು. ತೆರೆದ ಬಾಗಿಲನ್ನು ನೋಡಿದ, ಬರಿಮೈಯ ಭರಣಿಯನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ.

“ಎಂಕ್ ಈ ಬೋಡು,” ಎಂದ ಮೆಲ್ಲಗೆ.

ಗೋಡೆಯಾಚೆಯಿಂದ ಗುರುವಪ್ಪನವರ ದನಿ ಬಂತು. “ಉಚ್ಚಾರ ಸರಿ ಉಂಟು.”