ಹಳದಿ ಹೂದಾನಿಯ ಬಾಯಿ

ನಾನು ಸುಮ್ಮಸುಮ್ಮನೆ ಹೆದರುವ ಆಸಾಮಿ ಅಲ್ಲ. ಹದಿನೆಂಟು ವರ್ಷದಿಂದ ಅಬುಧಾಬಿಯಲ್ಲಿ ಒಡೆಯುವ ಸಾಮಾನು ಪ್ಯಾಕ್ ಮಾಡುವುದೇ ನನ್ನ ಕೆಲಸ.

ಹೋದ ವರ್ಷ ಹಮ್ದಾನ್ ಸ್ಟ್ರೀಟಿನ ಫ್ಲ್ಯಾಟೊಂದರಲ್ಲಿ ಆರು ದಿನ ಒಬ್ಬನೇ ಇದ್ದೆ. ತೀರಿಹೋದ ಮುದುಕರೊಬ್ಬರು ಕೂಡಿಟ್ಟಿದ್ದ ಇಟಲಿಯ ಸುಟ್ಟ ಮಣ್ಣಿನ ಹೂದಾನಿಗಳು, ಎಲ್ಲ ಐವತ್ತರ ದಶಕದಲ್ಲಿ ಕೈಯಲ್ಲೇ ಮಾಡಿದವು. ಒಂದೊಂದನ್ನೂ ಅಳೆದು, ಒಳಗೆ ಬೆರಳಾಡಿಸಿ ಬಿರುಕು ಹುಡುಕಿ, ಫಾರಂ ತುಂಬಿಸಬೇಕು.

ಮೊದಲ ದಿನವೇ ಒಂದು ಹಳದಿ ಹೂದಾನಿಯೊಳಗೆ ಕೈ ಹಾಕಿದೆ. ತಳದಲ್ಲಿ ಮಾಡಿದವರ ಐದು ಬೆರಳಿನ ಗುರುತು ಸಿಕ್ಕಿತು. ನನ್ನ ಬೆರಳುಗಳು ಅದರಲ್ಲಿ ಸರಿಯಾಗಿ ಕೂತವು. ಏಸಿಯ ಚಳಿಗೆ ಕೋಣೆಯೆಲ್ಲ ಕೊರೆಯುತ್ತಿತ್ತು, ಅದರೊಳಗೆ ಮಾತ್ರ ಬೆಚ್ಚಗೆ. ಮಣ್ಣು ಸ್ವಲ್ಪ ಮೆತ್ತಗೂ ಇತ್ತು.

ಸುಳ್ಳು ಯಾಕೆ ಹೇಳಲಿ, ಇಷ್ಟವಾಯಿತು. ಇಡೀ ದಿನ ಮಾತಾಡಿಸುವವರಿಲ್ಲ. ಊಟದ ಹೊತ್ತಿಗೆ ಊರಿನಿಂದ ಹೆಂಡತಿ ಸಮೀಹಾ ಫೋನ್ ಮಾಡುವಾಗಲೂ ಬಲಗೈ ಅದರೊಳಗೇ.

"ಹತ್ತಿರ ಯಾರಿದ್ದಾರೆ?" ಎಂದು ಒಂದು ದಿನ ಕೇಳಿದಳು.

"ಯಾರೂ ಇಲ್ಲ ಮಾರಾಯ್ತಿ."

"ಮತ್ತೆ ಯಾರೋ ಉಸಿರಾಡುದು ಕೇಳ್ತದಲ್ಲ?"

ಆರನೇ ದಿನ ಎಲ್ಲ ಮುಗಿದ ಮೇಲೆ ಅದನ್ನು ಪ್ಯಾಕ್ ಮಾಡಿದೆ. ಅದಕ್ಕೆ ಮುಂಚೆ ಕೊನೆಯ ಸಲ ಕೈ ಹೊರಗೆಳೆಯುವಾಗ, ಹಿಡಿದ ಕೈಯನ್ನು ಯಾರೋ ಮನಸ್ಸಿಲ್ಲದೆ ಬಿಟ್ಟ ಹಾಗಾಯಿತು.

ಮರುವಾರ ನಮ್ಮ ದುಬೈ ಗೋಡೌನಿನ ಶ್ರವಣ್ ಫೋನ್ ಮಾಡಿದ. "ಬದ್ರುದ್ದೀನ್ ಭಾಯ್, ಆ ಹಳದಿಯದ್ದಕ್ಕೆ 'ಒಳಗೆ ಕೈಯಾಡಿಸಿ ನೋಡಿದ್ದೇನೆ, ಬಿರುಕಿಲ್ಲ' ಅಂತ ಬರೆದಿದ್ದೀರಲ್ಲ. ಹೇಗೆ ನೋಡಿದ್ದು? ನನ್ನ ಕಿರುಬೆರಳೂ ಹೋಗುದಿಲ್ಲ."

ಫಾರಮಿನ ಪ್ರತಿ ತೆಗೆದು ನೋಡಿದೆ. ಬಾಯಿಯ ಅಗಲ, ಒಂದು ಸೆಂಟಿಮೀಟರ್. ಅಕ್ಷರ ನನ್ನದೇ, ಮೊದಲ ದಿನದ ತಾರೀಕು.