ಒಂದೇ ಒಂದು ನೀಲಿ

ಹೊಲಿಗೆ ಅಂಗಡಿಯ ನೆಲಕ್ಕೆಲ್ಲ ಟೈಲ್ಸ್ ಹಾಕಿ ಮುಗಿದಿತ್ತು. ನಡುವೆ ಒಂದೇ ಒಂದು ಷಟ್ಕೋನದ ಜಾಗ ಮಾತ್ರ ಬಾಯ್ತೆರೆದುಕೊಂಡು ಕೂತಿತ್ತು.

"ನೀಲಿ ಟೈಲ್ಸ್ ಸಿಗ್ತಾ ಇಲ್ಲ," ಎಂದ ಟೈಲ್ಸ್ ಕೂರಿಸುವವನು, ಗಾರೆಯ ಕರಣೆ ಕೈಯಲ್ಲೇ ಹಿಡಿದು.

"ಇದ್ದದ್ದೇ ಒಂದು. ಅದೇ ಸಿಗ್ತಿಲ್ವಾ?" ಎಂದಳು ಹೊಲಿಗೆಗೆ ಕೂತಿದ್ದ ಅಂಗಡಿಯ ಹುಡುಗಿ.

"ಅದೇ ನೋಡಿ."

ನೋಡಿ ಎಂದವನು ನೆಲ ನೋಡಲಿಲ್ಲ, ಅವಳನ್ನೇ ನೋಡಿದ. ತುಟಿಗೆ ಬಂದ ನಗುವನ್ನು ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ನುಂಗಿಕೊಂಡಳು.

ಉಳಿದ ಟೈಲ್ಸ್ ಎಲ್ಲ ಬೂದಿ ಬಣ್ಣ. ತನ್ನ ಹೊಲಿಗೆ ಮೆಷಿನ್ನಿನ ಪಕ್ಕ ಒಂದಾದರೂ ನೀಲಿ ಇರಲಿ ಎಂದು ಹಟ ಹಿಡಿದು ಮಾಡಿಸಿದ್ದು ಅವಳೇ. ಗೀರು ಬೀಳಬಾರದೆಂದು ಅವನು ಅದನ್ನು ಕೊನೆಗೆಂದು ಎತ್ತಿಟ್ಟಿದ್ದ. ಅದು ಕೂತರೆ ಕೆಲಸ ಮುಗಿದಂತೆ. ಸಂಜೆಯ ಬಸ್ಸಿಗೆ ಅವನು ದೂರದ ಊರಿಗೆ ಹೊರಡಬೇಕು. ಅಲ್ಲಿ ಅವನ ಮೇಸ್ತ್ರಿ ದೊಡ್ಡ ಆಸ್ಪತ್ರೆಯೊಂದರ ನೆಲದ ಕೆಲಸ ಹಿಡಿದಿದ್ದ. ಹೋದವನು ಮತ್ತೆ ಈ ಕಡೆ ತಲೆ ಹಾಕುವುದು ಯಾವಾಗಲೋ ಏನೋ.

ಹಾಗಾಗಿ ಅವಳಿಗೆ ಅನುಮಾನವೇ ಇರಲಿಲ್ಲ. ಕಳ್ಳ ಇವನೇ. ಹೋಗಲು ಮನಸ್ಸಿಲ್ಲ, ಬಾಯಿ ಬಿಟ್ಟು ಹೇಳಲು ಧೈರ್ಯವಿಲ್ಲ. ಪಾಪ, ಟೈಲ್ಸ್ ಬಚ್ಚಿಟ್ಟಿದ್ದಾನೆ.

ಮೊದಲ ದಿನ ಅವನು ಬಂದಾಗ ಅವಳು ಆರು ಮೂಲೆಯ ಬಟ್ಟೆ ತುಂಡುಗಳನ್ನು ಜೋಡಿಸಿ ಹೊದಿಕೆ ಹೊಲಿಯುತ್ತಿದ್ದಳು.

"ಬಟ್ಟೆಯೊಳಗೆ ಕಾಗದ ಯಾಕೆ?" ಎಂದು ಬಗ್ಗಿ ನೋಡಿದ್ದ.

"ಆಕಾರ ಕೆಡದೆ ಇರ್ಲಿ ಅಂತ. ಆರೂ ಕಡೆ ಪಕ್ಕದವರು ಬಂದು ಸೇರ್ಕೊಂಡ ಮೇಲೆ ತೆಗೀತೀವಿ. ಆಮೇಲೆ ಅವರೇ ಹಿಡ್ಕೊಂಡಿರ್ತಾರೆ."

"ನಮ್ದೂ ಹಾಗೇ. ಚೌಕದ ಟೈಲ್ಸ್‌ನಲ್ಲಿ ಒಂಚೂರು ತಪ್ಪಿದ್ರೂ ನಡೆಯುತ್ತೆ. ಇದ್ರಲ್ಲಿ ಒಂದು ಮುನಿಸ್ಕೊಂಡ್ರೆ ಇಡೀ ಮನೆಯೇ ಮುನಿಸ್ಕೊಳ್ಳುತ್ತೆ."

ಮರುದಿನದಿಂದ ಅವಳ ಮೇಜಿನ ಮೇಲೆ ಬೆಳಿಗ್ಗೆ ಬೆಳಿಗ್ಗೆಯೇ ಏನಾದರೊಂದು ಕಾದಿರುತ್ತಿತ್ತು. ಪೆನ್ಸಿಲ್ಲಿನ ಮೋಟು. ತುಕ್ಕು ಹಿಡಿದ ನಟ್ಟು. ಕಣಜ ಬಿಟ್ಟುಹೋದ ಗೂಡಿನ ಚೂರು. "ಇದಕ್ಕೂ ಆರೇ ಮೂಲೆ," ಎಂದಷ್ಟೇ ಹೇಳಿ ಕೆಲಸಕ್ಕೆ ಕೂರುತ್ತಿದ್ದ. ಅವಳು ಒಂದನ್ನೂ ಎಸೆದಿರಲಿಲ್ಲ. ಗುಂಡಿಗಳ ಡಬ್ಬಿಯಲ್ಲಿ ಎಲ್ಲವೂ ಜೋಪಾನವಾಗಿದ್ದವು.

ಈಗ ಅವಳು ಎದ್ದು ಬಂದು ಅವನ ಮುಂದೆ ಅಂಗೈ ಚಾಚಿದಳು.

"ನಾಟಕ ಸಾಕು. ಕೊಡಿ."

"ಏನು?"

"ನೀಲಿ. ಎಲ್ಲಿ ಬಚ್ಚಿಟ್ಟಿದ್ದೀರೋ ಅಲ್ಲಿಂದ ತೆಗೀರಿ."

ಅವನ ಕಣ್ಣು ಅಗಲವಾಯಿತು. "ನಾನಾ? ನೀವಲ್ವಾ?"

"ನಾನ್ಯಾಕೆ ಬಚ್ಚಿಡ್ಲಿ?"

"ನಾನು ಹೋಗ್ಬಾರ್ದು ಅಂತ..." ಮಾತು ಜಾರಿತ್ತು. ಅವನ ಕಿವಿ ಕೆಂಪೇರಿತು. "ಬೆಳಿಗ್ಗೆಯಿಂದ ಅದೇ ಖುಷಿಲಿ ಸುಮ್ನೆ ಹುಡುಕಿದ ಹಾಗೆ ಮಾಡ್ತಿದ್ದೀನಿ ಕಣ್ರೀ."

"ನಾನೂ ಅದೇ ಖುಷಿಲಿ ಸುಮ್ನಿದ್ದೆ!"

ಅಷ್ಟರಲ್ಲಿ ಒಳಕೋಣೆಯಿಂದ ಅವಳ ಚಿಕ್ಕಮ್ಮ ತಲೆ ಹೊರಹಾಕಿದಳು. ಅಂಗಡಿಯ ಇಸ್ತ್ರಿ ಕೆಲಸವೆಲ್ಲ ಚಿಕ್ಕಮ್ಮನದೇ.

"ಏನದು ಗಲಾಟೆ? ನೀಲಿದಾ? ಅಯ್ಯೋ, ಮೂಲೇಲಿ ಸುಮ್ನೆ ಬಿದ್ದಿತ್ತಲ್ಲ, ಬಿಸಿ ಇಸ್ತ್ರಿಪೆಟ್ಟಿಗೆ ಇಡೋಕೆ ತಗೊಂಡೆ. ಹೇಳಿ ಮಾಡಿಸಿದ ಹಾಗಿದೆ."

"ಮೇಡಂ, ಅದು..." ಎಂದು ಅವನು ತೊದಲಿದ.

ಬೆಚ್ಚಗಿನ ನೀಲಿ ಟೈಲ್ಸ್ ಅವನ ಕೈಗೆ ಬಂತು. ಇಬ್ಬರ ನೆಪವೂ ಒಟ್ಟಿಗೇ ಹೋಯಿತು. ಹೊರಗೆ ಬಿಸಿಲು ಇಳಿಯುತ್ತಿತ್ತು. ಬಸ್ಸಿಗೆ ಇನ್ನೂ ಸಮಯವಿತ್ತು.

ಅವನು ತಲೆ ತಗ್ಗಿಸಿ ಗಾರೆ ಕಲಸತೊಡಗಿದ. ಅವಳು ಅವನೆದುರು ನೆಲದ ಮೇಲೆಯೇ ಕೂತಳು. ಇವನು ಹೇಳಲಿ ಎಂದು ಕಾದರೆ ಬಸ್ಸೇ ಹೊರಟುಹೋಗುತ್ತದೆ.

"ನಾನು ಬಚ್ಚಿಟ್ಟಿರ್ಲಿಲ್ಲ, ನಿಜ," ಎಂದಳು. "ಹೊಳೆದಿದ್ರೆ ಖಂಡಿತ ಬಚ್ಚಿಡ್ತಿದ್ದೆ."

ಕರಣೆ ನಿಂತಿತು. ಅವನು ಮೆಲ್ಲಗೆ ತಲೆಯೆತ್ತಿದ. ರೆಪ್ಪೆಯ ಮೇಲೆ ಬಿಳಿ ಪುಡಿ, ಅದರಡಿಯಲ್ಲಿ ನಗು.

"ಆಸ್ಪತ್ರೆ ನೆಲ ಬೇರೆ ಯಾರಾದ್ರೂ ಹಾಕ್ತಾರೆ ಬಿಡಿ," ಎಂದ. "ಅಲ್ಲಿ ಪೂರ್ತಿ ಚೌಕವೇ."

"ಮೇಸ್ತ್ರಿಗೆ ಏನಂತೀರಿ?"

"ಈ ಊರಲ್ಲೇ ಇರ್ತೀನಿ ಅಂತೀನಿ. ಇಲ್ಲೇನು ನೆಲಕ್ಕೆ ಬರವಾ?"

ಇಬ್ಬರೂ ಸೇರಿ ನೀಲಿಯನ್ನು ಇಳಿಸಿದರು. ಅವನು ಅಂಚು ಹಿಡಿದುಕೊಂಡ, ಅವಳು ರಬ್ಬರ್ ಸುತ್ತಿಗೆಯಿಂದ ತಟ್ಟಿದಳು. ಸುತ್ತಲಿನ ಆರು ಬೂದಿ ಟೈಲ್ಸ್ ಸ್ವಲ್ಪವೂ ಮುನಿಸಿಕೊಳ್ಳದೆ ಅದನ್ನು ನಡುವೆ ಕೂರಿಸಿಕೊಂಡವು.

"ಎಲ್ಲಾ ಸರಿ," ಎಂದಳು ಚಿಕ್ಕಮ್ಮ, ಹೊಗೆಯಾಡುವ ಇಸ್ತ್ರಿಪೆಟ್ಟಿಗೆ ಹಿಡಿದು ಬಾಗಿಲಲ್ಲೇ ನಿಂತು. "ಇದನ್ನ ಎಲ್ಲಿಡ್ಲಿ ನಾನು?"

ಅವನು ಎದುರು ಕೂತಿದ್ದವಳತ್ತ ಒಮ್ಮೆ ನೋಡಿದ. ಅವಳು ಹುಬ್ಬು ಹಾರಿಸಿದಳು: ಹೇಳಿ, ಹೇಳಿ.

"ನಾಳೆ ಇನ್ನೊಂದು ತಂದುಕೊಡ್ತೀನಿ," ಎಂದ ಅವನು. ಒಂದು ಉಸಿರೆಳೆದುಕೊಂಡು ಸೇರಿಸಿದ, "ಚಿಕ್ಕಮ್ಮ."