ಮೊದಲ ಹಕ್ಕಿಯ ಸಾಕ್ಷಿ

ಬಹಳ ಹಿಂದೆ, ಏಳು ಹಗಲು ನಡೆದರೂ ನೆರಳಿಗೊಂದು ಮರ ಸಿಗದ ಒಂದು ನಾಡಿತ್ತು. ಅದರ ಹೆಸರು ಹುಲ್ಲುಗಡಲು. ಅಲ್ಲಿ ಆರು ತಿಂಗಳು ಹುಲ್ಲು, ಆರು ತಿಂಗಳು ಹಿಮ. ಹಿಮ ಬಿದ್ದೊಡನೆ ಹಕ್ಕಿಗಳೆಲ್ಲ ತೆಂಕಣಕ್ಕೆ ಹಾರಿಹೋಗುತ್ತಿದ್ದವು, ಚಳಿಯ ಕೊನೆಗೆ ಮರಳುತ್ತಿದ್ದವು.

ಆ ನಾಡಿಗೆ ವಸಂತ ತಾನಾಗಿ ಬರುತ್ತಿರಲಿಲ್ಲ. ಊರ ಮುಂದಿನ ದಿಬ್ಬದ ಮೇಲೆ ಒಂದು ಸಾಕ್ಷಿಗಲ್ಲು ಇತ್ತು. ಹಕ್ಕಿಕಾವಲಿನ ಮನೆತನದವರೊಬ್ಬರು ಮರಳಿ ಬಂದ ಮೊದಲ ಹಕ್ಕಿಯನ್ನು ಕಣ್ಣಾರೆ ಕಂಡು, ಆ ಕಲ್ಲಿನ ಮೇಲೆ ಅಂಗೈಯಿಟ್ಟು ಮೂರು ಮಾತು ಹೇಳಬೇಕು: ಯಾವ ಹಕ್ಕಿ, ಎಲ್ಲಿತ್ತು, ಏನು ಮಾಡುತ್ತಿತ್ತು. ಮಾತು ನಿಜವಾದರೆ ಹಿಮ ಕರಗತೊಡಗುತ್ತಿತ್ತು. ಸುಳ್ಳಾದರೆ ಏನಾಗುವುದೆಂದು ಯಾರಿಗೂ ಗೊತ್ತಿರಲಿಲ್ಲ. ಮುನ್ನೂರು ವರ್ಷ ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ.

ಮೊದಲು ಹೇಳಿದವನು ಆ ಮನೆತನದ ಚೆನ್ನಬೀರ. ಅವನೇನೂ ಕೆಟ್ಟವನಲ್ಲ. ಆ ವರ್ಷ ಚಳಿ ಮಿತಿಮೀರಿತ್ತು, ತೊಟ್ಟಿಲ ಕೂಸುಗಳು ನಡುಗುತ್ತಿದ್ದವು. ಒಂದು ಬೆಳಿಗ್ಗೆ ಮಂಜಿನೊಳಗಿಂದ ಕೊಂಬುಗುಬ್ಬಿಯ ದನಿ ಅವನಿಗೆ ಕೇಳಿಸಿತು. ನಲವತ್ತು ವರ್ಷ ಕೇಳಿದ ದನಿ, ತಪ್ಪುವ ಮಾತೇ ಇಲ್ಲ. ಅವನು ದಿಬ್ಬ ಹತ್ತಿ, ಊರವರೆಲ್ಲರ ಎದುರಿಗೆ ಕಲ್ಲಿನ ಮೇಲೆ ಅಂಗೈಯಿಟ್ಟ.

"ಕೊಂಬುಗುಬ್ಬಿಯನ್ನು ಕಂಡೆ. ದಾರಿಯ ಬದಿಯಲ್ಲಿತ್ತು. ಹುಲ್ಲುಬೀಜ ಹೆಕ್ಕುತ್ತಿತ್ತು" ಎಂದ.

ಕೇಳಿದ್ದನ್ನು ಕಂಡೆ ಎಂದ. ಅಷ್ಟೇ.

ಅಂಗೈ ಕಲ್ಲಿಗೆ ಅಂಟಿತು. ಬೆರಳಿನಿಂದ ಭುಜಕ್ಕೆ, ಭುಜದಿಂದ ಎದೆಗೆ ಹಿಮ ಏರಿತು. ಚೆನ್ನಬೀರ ನಿಂತಲ್ಲೇ ಹಿಮದ ಬೊಂಬೆಯಾದ. ಕಲ್ಲು ಬಿರಿದು, ಆ ಬಿರುಕಿನಿಂದ ಶೀತಕೇತನೆಂಬ ಮಾಂತ್ರಿಕ ಹೊರಗೆ ಬಂದ. ಬಿಳಿಯ ಗಡ್ಡ, ಹೆಗಲ ಮೇಲೆ ಬಿಳಿಯ ಕಂಬಳಿ. ಆ ಕಂಬಳಿಯನ್ನು ಬೀಸಿದರೆ ಮಂಜಾಗುತ್ತಿತ್ತು, ಮಡಚಿದರೆ ಕಂಬಳಿಯಾಗುತ್ತಿತ್ತು. ಅದರ ಅಂಚು ಮಾತ್ರ ಎಂದೂ ನೆಲ ಮುಟ್ಟುತ್ತಿರಲಿಲ್ಲ, ಗೇಣುದ್ದ ಮೇಲೆಯೇ ತೇಲುತ್ತಿತ್ತು. ಮಣ್ಣು ಸೋಕುವುದೆಂದರೆ ಅವನಿಗೆ ಅಷ್ಟು ಹೇಸಿಗೆ.

"ಒಂದು ಸುಳ್ಳು ನನ್ನನ್ನು ಕರೆಯಿತು" ಎಂದ ಶೀತಕೇತ. "ಈ ಕಲ್ಲಿನ ಮೇಲೆ ಇನ್ನೊಂದು ಸುಳ್ಳು ಬಿದ್ದರೆ ಈ ಬೊಂಬೆ ಪುಡಿಯಾಗುತ್ತದೆ, ನಾಡು ಎಂದೆಂದಿಗೂ ನನ್ನದಾಗುತ್ತದೆ. ನಿಜವಾಗಿ ಕಂಡ ಹಕ್ಕಿಯ ಸಾಕ್ಷಿ ಬಿದ್ದರೆ ನಾನಿಲ್ಲ. ಆದರೆ ಕಾಣಲು ಬಿಡುವವರು ಯಾರು?"

ಅಂದಿನಿಂದ ಎರಡು ವರ್ಷ ವಸಂತ ಬರಲಿಲ್ಲ.

ಚೆನ್ನಬೀರನಿಗೆ ಒಬ್ಬಳೇ ಮಗಳು, ಮಲ್ಲಾಜಿ. ಕಾವಲು ಅವಳ ಪಾಲಿಗೆ ಬಂತು. ದಿನವೂ ಬೆಳಕು ಹರಿಯುವಾಗ ದಿಬ್ಬ ಹತ್ತಿ, ಅಪ್ಪನ ಹುಬ್ಬಿನ ಮೇಲಿನ ಹೊಸ ಹಿಮವನ್ನು ಸೆರಗಿನಿಂದ ಒರೆಸಿ, ಬಯಲಿಗೆ ಇಳಿಯುತ್ತಿದ್ದಳು. ಪಕ್ಕದ ಮನೆಯ ತಿಪ್ಪಜ್ಜಿ ಅವಳ ಮಡಿಲಿಗೆ ಒಂದು ಜವೆಗೋಧಿ ರೊಟ್ಟಿ ಹಾಕುತ್ತಿದ್ದಳು. ಮೊದಲು ರೊಟ್ಟಿ ಅಂಗೈಯಗಲ ಇತ್ತು. ಬರಬರುತ್ತಾ ವೀಳ್ಯದೆಲೆಯಷ್ಟಾಯಿತು.

ಒಂದು ಬೆಳಿಗ್ಗೆ ಬಿಸಿಲಿತ್ತು. ತೆಂಕಣದಿಂದ ಹೆಬ್ಬಾತುಗಳ ಸಾಲು ಬಾಣದಂತೆ ಹಾರಿಬಂತು. ಕಲ್ಲಿನತ್ತ ಓಡಬೇಕೆಂದುಕೊಂಡ ಮಲ್ಲಾಜಿ, ಅಪ್ಪ ಕಲಿಸಿದಂತೆ ಮತ್ತೊಮ್ಮೆ ನೋಡಿದಳು. ಮೇಲೆ ನೋಡಿದಳು, ಕೆಳಗೂ ನೋಡಿದಳು.

"ಕಂಡೆಯಾ ಕೂಸೇ?" ಹಿಂದಿನಿಂದ ಶೀತಕೇತ ಕೇಳಿದ. "ಹೋಗು, ಹೇಳು."

"ಹಕ್ಕಿ ಕಂಡೆ. ಹಿಮದ ಮೇಲೆ ಅದರ ನೆರಳು ಕಾಣಲಿಲ್ಲ" ಎಂದಳು ಮಲ್ಲಾಜಿ.

ಹೆಬ್ಬಾತುಗಳು ಹಿಮದ ಹುಡಿಯಾಗಿ ಉದುರಿದವು.

ಏಳು ದಿನ ಕಳೆಯಿತು. ಬೇಲಿಯ ಗೂಟದ ಮೇಲೆ ಹಳದಿ ಎದೆಯ ಹುಲ್ಲುಹಕ್ಕಿಯೊಂದು ಕೂತು, ಕೊರಳೆತ್ತಿ ಹಾಡಿತು. ಎದೆಯ ಮೇಲೆ ಕಪ್ಪು ಪಟ್ಟೆ ಸರಿಯಾಗಿತ್ತು. ಹಿಮದ ಮೇಲೆ ನೆರಳೂ ಇತ್ತು.

"ಈ ಸಲ ನೆರಳನ್ನೂ ತಂದಿದ್ದೇನೆ" ಎಂದು ನಕ್ಕ ಶೀತಕೇತ.

ಮಲ್ಲಾಜಿ ಅಲುಗಾಡದೆ ನಿಂತು ಹಾಡು ಮುಗಿಯುವವರೆಗೂ ನೋಡಿದಳು. "ಈ ಚಳಿಯಲ್ಲಿ ನಾನು ಬಾಯಿಬಿಟ್ಟರೆ ಹಬೆ ಬರುತ್ತದೆ. ಅದು ಇಷ್ಟು ಹೊತ್ತು ಹಾಡಿತು. ಅದರ ಉಸಿರೆಲ್ಲಿ?"

ಹುಲ್ಲುಹಕ್ಕಿ ಮಂಜುಗಡ್ಡೆಯಾಗಿ ಗೂಟದಿಂದ ಬಿತ್ತು.

ಊರಿನಲ್ಲಿ ಮಾತು ಬೆಳೆಯಿತು. "ಎರಡು ಸಲ ಹಕ್ಕಿ ಬಂತಂತೆ, ಎರಡು ಸಲವೂ ಇವಳು ಒಲ್ಲೆ ಅಂದಳಂತೆ" ಎಂದರು. ತಿಪ್ಪಜ್ಜಿ ಬರಿಗೈಯಲ್ಲಿ ಬಾಗಿಲಿಗೆ ಬಂದಳು. "ಇವತ್ತು ಹಿಟ್ಟು ಮುಗೀತು ಕಣೇ. ನಿನ್ನ ಕಣ್ಣಿಗೆ ಯಾವ ಹಕ್ಕಿ ಹಿಡಿಸುತ್ತದೋ ತಾಯಿ! ಹಕ್ಕಿ ನೋಡೋಕೆ ಹೋಗ್ತೀಯೋ, ಹೆಣ್ಣು ನೋಡೋಕೆ ಹೋಗ್ತೀಯೋ?"

ಮಲ್ಲಾಜಿ ಹಸಿದ ಹೊಟ್ಟೆಯಲ್ಲೇ ದಿಬ್ಬಕ್ಕೆ ಹೋದಳು.

ಅಂದು ಬಯಲೆಲ್ಲ ಮಂಜು. ನಾಲ್ಕು ಹೆಜ್ಜೆಯಾಚೆ ಏನೂ ಕಾಣುತ್ತಿರಲಿಲ್ಲ. ಆ ಮಂಜಿನೊಳಗಿಂದ ತೆಳುವಾದ, ಗೆಜ್ಜೆಯ ಕಾಳು ಉರುಳಿದಂತಹ ದನಿ ಬಂತು. ಕೊಂಬುಗುಬ್ಬಿ. ಊರಿಗೂ ಕೇಳಿಸಿತು. ಜನ ಓಡಿಬಂದರು, ದೊರೆ ಬಿಜ್ಜರಾಯನೂ ಬಂದ. ಅವನ ಮೈಮೇಲೆ ಹೊದಿಕೆ ಇರಲಿಲ್ಲ, ಅದನ್ನು ಯಾರೋ ಬಾಣಂತಿಗೆ ಕೊಟ್ಟಿದ್ದ.

"ಮಗಳೇ, ಕೇಳಿಸಿತಲ್ಲ?" ಎಂದ ದೊರೆ.

"ಕೇಳಿಸಿತು ಒಡೆಯಾ."

"ನಿಜವಾದ ಹಕ್ಕಿಯೇ ತಾನೆ?"

"ನಿಜವಾದದ್ದೇ. ನಡುನಡುವೆ ಉಸಿರೆಳೆದುಕೊಂಡು ಹಾಡುತ್ತಿದೆ, ಇದು ಮಾಯೆಯಲ್ಲ."

"ಮತ್ತೇಕೆ ತಡ? ಕಂಡೆ ಎಂದುಬಿಡು. ಬಂದಿರುವುದಂತೂ ಬಂದಿದೆ."

ಮಲ್ಲಾಜಿ ಅಪ್ಪನ ಮುಖ ನೋಡಿದಳು. ಅವನ ಅಂಗೈಯ ಪಕ್ಕದಲ್ಲಿ ಇನ್ನೊಂದು ಅಂಗೈಗೆ ಮಾತ್ರ ಜಾಗವಿತ್ತು. ಕೈ ತಾನಾಗಿ ಮುಂದೆ ಹೋಯಿತು. ಅವಳು ಹಿಂದಕ್ಕೆ ಎಳೆದುಕೊಂಡಳು.

"ನಮ್ಮಪ್ಪ ಕೇಳಿದ್ದೂ ನಿಜವಾದ ಹಕ್ಕಿಯೇ ಒಡೆಯಾ" ಎಂದಳು. "ಹಕ್ಕಿ ನಿಜ, ಮಾತು ಸುಳ್ಳು. ನಾನು ಕೇಳಿದ್ದೇನೆ, ಕಂಡಿಲ್ಲ."

"ಹಾಗಾದರೆ ನಾವು ಸಾಯೋಣವೇನು?" ಎಂದು ಯಾರೋ ಕೂಗಿದರು. ಹಿಮದುಂಡೆಯೊಂದು ಬಂದು ಅವಳ ಬೆನ್ನಿಗೆ ಬಡಿಯಿತು. ಮಂಜಿನ ನಡುವೆ ಎಲ್ಲಿಂದಲೋ ಶೀತಕೇತ ನಗುತ್ತಿದ್ದ. ದನಿ ಮತ್ತೆ ಬಂತು. ಈ ಸಲ ಸಣ್ಣದಾಗಿತ್ತು, ಚಳಿಗೆ ಸೋಲುತ್ತಿತ್ತು.

ಮಲ್ಲಾಜಿ ಯೋಚಿಸಿದಳು. ಜನರೆಲ್ಲ ಕತ್ತೆತ್ತಿ ಆಕಾಶ ಹುಡುಕುತ್ತಿದ್ದಾರೆ. ಕೊಂಬುಗುಬ್ಬಿ ಮರದ ಹಕ್ಕಿಯಲ್ಲ, ನೆಲದ ಹಕ್ಕಿ. ನಡೆಯುವ ಹಕ್ಕಿ. ಈ ಮಂಜು ಶೀತಕೇತನ ಕಂಬಳಿ. ಅದರ ಅಂಚು ನೆಲ ಮುಟ್ಟುವುದಿಲ್ಲ.

ಅವಳು ಹಿಮದ ಮೇಲೆ ಬೋರಲು ಮಲಗಿ, ಮುಖದಡಿಯ ಹಿಮವನ್ನು ಕೆದರಿ, ಕೆನ್ನೆಯನ್ನು ನೆಲಕ್ಕೆ ಒತ್ತಿದಳು.

ಗೇಣುದ್ದದ ಆ ಸಂದಿನಲ್ಲಿ ಬಯಲು ತಿಳಿಯಾಗಿತ್ತು. ಮೊದಲು ಜನರ ಪಾದಗಳು ಕಂಡವು. ಅದರಾಚೆ ದಾರಿ. ದಾರಿಯ ಬದಿಯಲ್ಲಿ, ಹಿಮದಿಂದ ತಲೆ ಹೊರಹಾಕಿದ ಒಣಹುಲ್ಲಿನ ಬುಡದಲ್ಲಿ, ಮಣ್ಣಿನ ಬಣ್ಣದ ಪುಟ್ಟ ಹಕ್ಕಿಯೊಂದು ಕುಡುಕುಡು ನಡೆಯುತ್ತಾ ಬೀಜ ಹೆಕ್ಕುತ್ತಿತ್ತು. ನೆತ್ತಿಯ ಮೇಲೆ ಎರಡು ಕಪ್ಪು ಕೊಂಬು. ಕೊಕ್ಕಿನ ಮುಂದೆ ನೂಲಿನೆಳೆಯಷ್ಟು ಹಬೆ. ಕಾಲ ಬಳಿ ಕಾಲಿನಷ್ಟೇ ಸಣ್ಣ ನೆರಳು.

ಅವಳು ಎದ್ದಳು. ಕೆನ್ನೆಗೆ ಮಣ್ಣು ಮೆತ್ತಿತ್ತು. ಅಪ್ಪನ ಅಂಗೈಯ ಪಕ್ಕದಲ್ಲಿ ತನ್ನ ಅಂಗೈಯಿಟ್ಟಳು.

"ಕೊಂಬುಗುಬ್ಬಿಯನ್ನು ಕಂಡೆ. ದಾರಿಯ ಬದಿಯಲ್ಲಿತ್ತು. ಹುಲ್ಲುಬೀಜ ಹೆಕ್ಕುತ್ತಿತ್ತು."

ಎರಡು ವರ್ಷದ ಹಿಂದಿನ ಮಾತೇ, ಒಂದಕ್ಷರ ಬೇರೆ ಇರಲಿಲ್ಲ. ಕಲ್ಲು ಬೆಚ್ಚಗಾಯಿತು. ಬಿರುಕು ಕೂಡಿಕೊಂಡಿತು. ಮಂಜು ಹರಿದು ಕಂಬಳಿಯ ಚಿಂದಿಯಾಗಿ ಕೆಳಗೆ ಬಿತ್ತು. ಅದರ ನಡುವೆ ನಿಂತಿದ್ದ ಶೀತಕೇತ ಮೊದಲ ಸಲ ಮಣ್ಣು ಮುಟ್ಟಿದ, ಮುಟ್ಟಿದೊಡನೆ ನೀರಾಗಿ ಇಂಗಿಹೋದ.

ಚೆನ್ನಬೀರನ ಬೆರಳಿನಿಂದ ಹನಿ ತೊಟ್ಟಿಕ್ಕಿತು. ಭುಜ ಕರಗಿತು, ಎದೆ ಕರಗಿತು, ಕಣ್ಣು ತೆರೆಯಿತು. ಅವನು ಮೊದಲು ಮಗಳ ಕೆನ್ನೆಯ ಮೇಲಿನ ಮಣ್ಣನ್ನು ನೋಡಿದ.

"ಅಂದೂ ಅದು ಅಲ್ಲೇ ಇತ್ತು, ಅಲ್ಲವೇ ಅವ್ವಾ?" ಎಂದ. "ನಾನು ಬಗ್ಗಿ ನೋಡಲಿಲ್ಲ."

"ಹೂಂ ಅಪ್ಪ" ಎಂದಳು ಮಲ್ಲಾಜಿ. ಅಲ್ಲ ಎಂದು ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. ಅವನ ತೋಳಿಗೆ ತೋಳು ಕೊಟ್ಟು ದಿಬ್ಬ ಇಳಿಸಿದಳು.

ಮಾರನೆಯ ದಿನ ಹೆಬ್ಬಾತುಗಳು ನೆರಳಿನೊಡನೆ ಬಂದವು. ಆಮೇಲೆ ಹುಲ್ಲುಹಕ್ಕಿ ಉಸಿರಿನೊಡನೆ ಬಂತು. ಹಿಮ ಕರಗಿ ಹೊಂಡಗಳು ತುಂಬಿದವು, ಜವೆಗೋಧಿ ಮೊಳೆಯಿತು, ತಿಪ್ಪಜ್ಜಿಯ ರೊಟ್ಟಿ ಮತ್ತೆ ಅಂಗೈಯಗಲವಾಯಿತು. ಚೆನ್ನಬೀರ ಮತ್ತೆಂದೂ ಕಲ್ಲಿನ ಮೇಲೆ ಕೈಯಿಡಲಿಲ್ಲ. ಮಗಳ ಜೊತೆ ಬಯಲಿಗೆ ಹೋಗಿ, ದನಿ ಬಂದರೆ ಕಿವಿಗೊಟ್ಟು, "ಕೇಳಿಸಿತು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದ. ನೋಡಲು ಅವಳು ಬೋರಲು ಮಲಗುತ್ತಿದ್ದಳು.

ಹುಲ್ಲುಗಡಲಿನವರು ಆ ಬಳಿಕ ಬಹುಕಾಲ ಸುಖವಾಗಿ ಬಾಳಿದರು. ಪ್ರತಿ ವಸಂತದ ಮೊದಲ ಬೆಳಿಗ್ಗೆ ದೊರೆಯಿಂದ ಹಿಡಿದು ದನ ಕಾಯುವವನವರೆಗೆ ಎಲ್ಲರ ಕೆನ್ನೆಯ ಮೇಲೂ ಒಂದಿಷ್ಟು ಮಣ್ಣು ಇರುತ್ತಿತ್ತು. ಅದನ್ನು ಅವರು ಸಂಜೆಯವರೆಗೂ ತೊಳೆಯುತ್ತಿರಲಿಲ್ಲ.